ಮಂಗಳದ ಮೇಲೆ ಎರಡು ಮೊಟ್ಟೆ

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಓದುಗ ಗೆಳೆಯರೆದುರು ಆಡಿದ ಮಾತುಗಳಿವು. ಬರೆದುಕೊಡಿ ಎಂದರು. ಮಾತು ತೀರಾ ಅಡ್ಡಾದಿಡ್ಡಿ ಹೋದ ಕಡೆ ಸ್ವಲ್ಪ ಸರಿಮಾಡಿದ್ದೇನೆ, ಪೂರ್ತಿ ಸರಿಮಾಡಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

"ನಿಮಗೆ ಇಷ್ಟವಾದ ಒಂದು ಪುಸ್ತಕದ ಬಗ್ಗೆ ಮಾತಾಡಿ ಮೇಷ್ಟ್ರೇ" ಎಂದು ಕರೆದಿದ್ದೀರಿ. ಇಷ್ಟವಾದ ಪುಸ್ತಕದ ಬಗ್ಗೆ ನನ್ನ ಮಾತು ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಚೆನ್ನಾಗಿದೆ, ಓದಿ ಎನ್ನುತ್ತೇನೆ, ಅಷ್ಟೆ. ಸಿಟ್ಟು ಬರಿಸಿದ ಪುಸ್ತಕವಾದರೆ ಗಂಟೆಗಟ್ಟಲೆ ಮಾತಾಡಬಲ್ಲೆ. ಹಾಗಾಗಿ ಇವತ್ತು ತಂದಿರುವುದು ಅಂಥದ್ದನ್ನೇ. ಎಡ್ಗರ್ ರೈಸ್ ಬರೋಸ್ ಬರೆದ 'ಎ ಪ್ರಿನ್ಸೆಸ್ ಆಫ್ ಮಾರ್ಸ್', ಅಂದರೆ ಮಂಗಳದ ರಾಜಕುಮಾರಿ. ಟಾರ್ಜಾನನ್ನು ಹುಟ್ಟಿಸಿದನಲ್ಲ, ಅದೇ ಬರೋಸ್.

ಪಿಯುಸಿ ಓದುವಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಇದು ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು. ರಾತ್ರಿಯಿಡೀ ಕೂತು ಓದಿದೆ. ಹದಿನೇಳರ ಹುಡುಗನಿಗೆ ಇದಕ್ಕಿಂತ ದೊಡ್ಡ ಪ್ರೇಮಕಥೆ ಲೋಕದಲ್ಲಿಲ್ಲ ಅನಿಸಿತ್ತು. ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದೆ. ಕಳೆದ ವರ್ಷ ಮತ್ತೆ ತೆಗೆದು ಓದಿದೆ. ಈ ಸಲ ಕೊನೆಯ ಅಧ್ಯಾಯದಲ್ಲಿ ಒಂದು ಮೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟೆ.

ಹೌದು, ಮೊಟ್ಟೆ. ಅರಮನೆಯ ಮಾಳಿಗೆಯ ಮೇಲೆ ಚಿನ್ನದ ಕಾವುಗೂಡು, ಅದರೊಳಗೆ ಹಿಮದಷ್ಟು ಬೆಳ್ಳಗಿನ ಮೊಟ್ಟೆ, ಸುತ್ತ ಹತ್ತು ಜನ ಸೈನಿಕರ ಕಾವಲು. ಐದು ವರ್ಷದಿಂದ ಹೀಗೇ ಇದೆ. ಗಂಡ ಹೆಂಡತಿ ಇಬ್ಬರೂ ಕೈ ಕೈ ಹಿಡಿದು ಅದರ ಮುಂದೆ ನಿಂತು ಮುಂದಿನ ದಿನಗಳ ಲೆಕ್ಕ ಹಾಕುತ್ತಾರೆ. ಗಂಡ ಭೂಮಿಯವನು, ಅಮೆರಿಕದ ವರ್ಜೀನಿಯಾದ ಜಾನ್ ಕಾರ್ಟರ್. ಹೆಂಡತಿ ಮಂಗಳದವಳು, ಹೀಲಿಯಂ ನಗರದ ರಾಜಕುಮಾರಿ ಡೇಜಾ ಥೋರಿಸ್. ಆ ಮೊಟ್ಟೆ ಇಟ್ಟವಳು ಆಕೆಯೇ.

ಇಡೀ ಪುಸ್ತಕ ಆಕೆಯ ಚೆಲುವನ್ನು ಹೊಗಳಿದ್ದೇ ಹೊಗಳಿದ್ದು. ತಾಮ್ರದ ಮೈಬಣ್ಣ, ಕಪ್ಪು ಕೂದಲು, ದೊಡ್ಡ ಕಣ್ಣು. ನಮ್ಮ ಹಳೆಯ ಕ್ಯಾಲೆಂಡರ್ ಸುಂದರಿಯನ್ನು ಮಂಗಳದ ಮೇಲೆ ತೂಗುಹಾಕಿದ ಹಾಗಿದೆ. ಈಕೆ ಮೊಟ್ಟೆ ಇಡುವ ಜೀವಿ, ಮಗು ಹೊರಬರಲು ಐದು ವರ್ಷ ಕಾಯಬೇಕು ಎಂಬ ಸಂಗತಿಗೆ ಮಾತ್ರ ಕೊನೆಯಲ್ಲಿ ಒಂದೆರಡು ವಾಕ್ಯ. ನನ್ನ ತಕರಾರು ಇಷ್ಟೇ. ಇದನ್ನೇ ಇನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಬರೆದವನ ವಿಷಯ. 1911ರಲ್ಲಿ ಬರೋಸ್‌ಗೆ 35 ವರ್ಷ. ಹಿಡಿದ ಕೆಲಸವೆಲ್ಲ ಕೈಕೊಟ್ಟು, ಪೆನ್ಸಿಲ್ ಚೂಪು ಮಾಡುವ ಯಂತ್ರ ಮಾರಿಸುವ ದಂಧೆಯಲ್ಲಿದ್ದ. ಬಿಡುವಿನಲ್ಲಿ ಕೂತು ಈ ಕಥೆ ಬರೆದ. 'ಆಲ್ ಸ್ಟೋರಿ' ಎಂಬ ಪತ್ರಿಕೆಯಲ್ಲಿ 1912ರ ಫೆಬ್ರವರಿಯಿಂದ ಜುಲೈವರೆಗೆ ಧಾರಾವಾಹಿಯಾಗಿ ಬಂತು. ಸಂಭಾವನೆ 400 ಡಾಲರ್. ಇಂಥ ಕಥೆ ಬರೆದರೆ ತಲೆಕೆಟ್ಟವನು ಅಂದುಕೊಂಡಾರೆಂಬ ಅಳುಕಿಗೆ 'ನಾರ್ಮಲ್ ಬೀನ್' ಎಂದು ಹೆಸರು ಹಾಕಿ ಕಳಿಸಿದ್ದನಂತೆ, ನನ್ನ ತಲೆ ನೆಟ್ಟಗಿದೆ ಎಂಬ ಅರ್ಥದಲ್ಲಿ. ಅಚ್ಚು ಮೊಳೆ ಜೋಡಿಸುವವನು ಅದನ್ನು 'ನಾರ್ಮನ್ ಬೀನ್' ಮಾಡಿಬಿಟ್ಟ. ಪುಸ್ತಕವಾಗಿದ್ದು 1917ರಲ್ಲಿ, ಸ್ವಂತ ಹೆಸರಿನಲ್ಲೇ.

ಕಥೆ ಗೊತ್ತಿಲ್ಲದವರಿಗಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 1866, ಅರಿಜೋನಾ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಕಡೆಯ ಕ್ಯಾಪ್ಟನ್ ಕಾರ್ಟರ್ ಚಿನ್ನ ಹುಡುಕಲು ಬಂದಿದ್ದಾನೆ. ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳು ಬೆನ್ನಟ್ಟುತ್ತಾರೆ, ಗುಹೆ ಹೊಕ್ಕುತ್ತಾನೆ, ಆಕಾಶದಲ್ಲಿ ಕೆಂಪಗೆ ಹೊಳೆಯುವ ಮಂಗಳದತ್ತ ಕೈ ಚಾಚುತ್ತಾನೆ. ಕಣ್ಣು ಬಿಟ್ಟರೆ ಅಲ್ಲಿದ್ದಾನೆ. ರಾಕೆಟ್ಟೂ ಇಲ್ಲ, ಏನೂ ಇಲ್ಲ. ಅಲ್ಲಿನವರು ತಮ್ಮ ಗ್ರಹವನ್ನು ಕರೆಯುವುದು ಬಾರ್ಸೂಮ್ ಎಂದು. ಹದಿನೈದು ಅಡಿ ಎತ್ತರದ, ಕೋರೆ ದಾಡೆಯ ಹಸಿರು ಜನ ಇವನನ್ನು ಹಿಡಿಯುತ್ತಾರೆ. ಅದೇ ಸೆರೆಯಲ್ಲಿ ಕೆಂಪು ಜನರ ರಾಜಕುಮಾರಿ. ಪ್ರೇಮ, ಕತ್ತಿವರಸೆ, ಅಪಹರಣ, ಬಲವಂತದ ಮದುವೆ, ಕೊನೇ ಗಳಿಗೆಯಲ್ಲಿ ತಡೆ. ರಾಕ್ಷಸ ಹೊತ್ತೊಯ್ದ ರಾಜಕುಮಾರಿಯನ್ನು ತರಲು ಹೋಗುವ ಅಜ್ಜಿ ಕಥೆ ನಿಮಗೆ ನೆನಪಾದರೆ ನಿಮ್ಮ ತಪ್ಪಲ್ಲ.

ಇನ್ನೊಂದು ಮಾತು. ವಿಜ್ಞಾನ ತಪ್ಪಿದೆ ಎಂದು ನಾನು ಪುಸ್ತಕವನ್ನು ದೂರುತ್ತಿಲ್ಲ. ಮೇಷ್ಟ್ರು ಎಂದ ಮೇಲೆ ಅದನ್ನೇ ಹೇಳುತ್ತಾರೆ ಅಂತ ಮುಂದಿನ ಸಾಲಿನವರು ಆಗಲೇ ನಗುತ್ತಿದ್ದೀರಿ. 1877ರಲ್ಲಿ ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡು 'ಕನಾಲಿ' ಎಂದ. ಅವನ ಮಾತಿನಲ್ಲಿ ಅದಕ್ಕೆ ಕಾಲುವೆ ಎಂಬಂತೆಯೇ ಸುಮ್ಮನೆ ಓಣಿ, ತೋಡು ಎಂದೂ ಅರ್ಥ. ಇಂಗ್ಲಿಷಿಗೆ ಬರುವಾಗ ಅದು ಯಾರೋ ತೋಡಿಸಿದ ಕಾಲುವೆಯೇ ಆಯಿತು. ಪರ್ಸಿವಲ್ ಲೋವೆಲ್ ಎಂಬ ಸಿರಿವಂತ 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿ, ನೀರಿಲ್ಲದೆ ಸಾಯುತ್ತಿರುವ ಗ್ರಹದ ಬುದ್ಧಿವಂತ ಜನ ಧ್ರುವದ ಹಿಮ ಕರಗಿಸಿ ಹೊಲಕ್ಕೆ ಹರಿಸುತ್ತಿದ್ದಾರೆ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಬರೋಸ್ ಅದನ್ನೇ ಎತ್ತಿಕೊಂಡ. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕ ಹಾದುಹೋಗುತ್ತಾ 21 ಚಿತ್ರ, ಮತ್ತೊಂದರ ತುಣುಕು ಕಳಿಸಿದಾಗ ಕಾಲುವೆಯೂ ಇಲ್ಲ, ಹೊಲವೂ ಇಲ್ಲ, ಬರೀ ಕುಳಿಗಳು. ಐವತ್ತು ವರ್ಷ ಮುಂಚೆ ಬರೆದವನನ್ನು ಅದಕ್ಕೆ ಬೈಯಲಾಗುತ್ತದೆಯೇ?

ನಿಜ ಹೇಳಬೇಕೆಂದರೆ ಆತ ಮನೆಗೆಲಸ ಚೆನ್ನಾಗಿಯೇ ಮಾಡಿದ್ದಾನೆ. ಮಂಗಳದ ದಿನ ನಮ್ಮ ದಿನಕ್ಕಿಂತ ಅರ್ಧ ಗಂಟೆಗೂ ಮಿಕ್ಕಿ ಉದ್ದ ಎಂಬುದು ಪುಸ್ತಕದಲ್ಲಿದೆ. ಎರಡು ಚಂದ್ರರಿದ್ದಾರೆ, ಹತ್ತಿರದ್ದು ಏಳೂವರೆ ಗಂಟೆಯಲ್ಲಿ ಒಂದು ಸುತ್ತು ಹಾಕುತ್ತದೆ, ಅದೂ ಇದೆ. ಆ ಹತ್ತಿರದ ಚಂದ್ರ ಫೋಬೋಸ್‌ನ ನಿಜವಾದ ಸುತ್ತು 7 ಗಂಟೆ 39 ನಿಮಿಷ. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ ಮೇಲೆ ಇದೇ ಫೋಬೋಸ್ ಮಂಗಳದ ಮುಂದೆ ಓಡುವುದನ್ನು ಚಿತ್ರ ತೆಗೆದಿತ್ತು. ಬೆಂಗಳೂರಿನಲ್ಲಿ ಕೂತವರು ಅದನ್ನು ಬರಮಾಡಿಕೊಂಡರು. ಗುರುತ್ವದ ಲೆಕ್ಕದಲ್ಲಿ ಮಾತ್ರ ಬರೋಸ್ ಸ್ವಲ್ಪ ಕೈ ಬಿಚ್ಚಿದ್ದಾನೆ. ಮಂಗಳದ ಗುರುತ್ವ ನಮ್ಮದರ ಶೇ. 38. ಇಲ್ಲಿ ಅರ್ಧ ಮೀಟರ್ ನೆಗೆಯುವವನು ಅಲ್ಲಿ ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ನೆಗೆದಾನು. ಕಾರ್ಟರ್ ಮೊದಲ ನೆಗೆತಕ್ಕೇ ಮೂವತ್ತು ಅಡಿ ಮೇಲೆ ಹೋಗುತ್ತಾನೆ. ಅಂದರೆ ಊರಲ್ಲಿ ಹನ್ನೊಂದು ಅಡಿ ನೆಗೆಯುತ್ತಿದ್ದ ಅಂತಾಯಿತು. ಇರಲಿ, ಕಥಾನಾಯಕ.

ಅಂದರೆ ಬೇರೆ ಗ್ರಹ ಬೇರೆಯಾಗಿಯೇ ಇರುತ್ತದೆ ಎಂಬುದು ಆತನಿಗೆ ಗೊತ್ತಿತ್ತು. ನೆರಳು ಎರಡಾಗುತ್ತದೆ, ಹೆಜ್ಜೆ ಹಗುರಾಗುತ್ತದೆ, ಉಸಿರಾಡುವ ಗಾಳಿಯನ್ನೂ ಒಂದು ಕಾರ್ಖಾನೆಯಲ್ಲಿ ತಯಾರಿಸಬೇಕಾಗುತ್ತದೆ. ಇಷ್ಟೆಲ್ಲ ಬದಲಾಗುವ ಜಾಗದಲ್ಲಿ ಪ್ರೀತಿ ಒಂದು ಮಾತ್ರ ವರ್ಜೀನಿಯಾದಲ್ಲಿ ಇದ್ದಂತೆಯೇ ಇದೆ.

ನಮ್ಮಲ್ಲಿ ಮಂಗಳನಿಗೆ ಕುಜ ಎನ್ನುತ್ತಾರೆ. ಹೆಣ್ಣು ಗಂಡಿನ ಜಾತಕ ಹಿಡಿದು ಏಳನೇ ಮನೆಯಲ್ಲಿದ್ದಾನೋ ಎಂಟನೇ ಮನೆಯಲ್ಲಿದ್ದಾನೋ ಎಂದು ಎಣಿಸುತ್ತಾ, ಆಗಬೇಕಾದ ಎಷ್ಟೋ ಮದುವೆಗಳನ್ನು ಈ ಕುಜನ ಹೆಸರಿನಲ್ಲಿ ನಿಲ್ಲಿಸಿದ್ದೇವೆ. ಆ ನಂಬಿಕೆ ನನಗಿಲ್ಲ. ಆದರೆ ಹೆಸರು ಚೆಂದ. ಕು ಎಂದರೆ ಭೂಮಿ, ಕುಜ ಎಂದರೆ ಭೂಮಿಯಿಂದ ಹುಟ್ಟಿದವನು. ನವಗ್ರಹ ಸ್ತೋತ್ರದಲ್ಲಿ ಧರಣೀಗರ್ಭಸಂಭೂತ ಎನ್ನುವುದೂ ಇದಕ್ಕೇ. ಈ ಕಾದಂಬರಿಯ ಮಂಗಳ ಅಕ್ಷರಶಃ ಕುಜ. ಬರೋಸ್ 1896ರಲ್ಲಿ ಅರಿಜೋನಾದ ಫೋರ್ಟ್ ಗ್ರಾಂಟ್‌ನಲ್ಲಿ ಕುದುರೆ ಪಡೆಯ ಸಿಪಾಯಿಯಾಗಿದ್ದ. ಆತನ ಬತ್ತಿದ ಕಡಲಿನ ತಳ, ಪಾಳು ಪಟ್ಟಣ, ದೂಳಿನಲ್ಲಿ ಸಾಗುವ ಗಾಡಿಸಾಲು, ದೂರದಿಂದ ಬರುವ ಸವಾರರು, ಎಲ್ಲವೂ ಅರಿಜೋನಾವೇ, ಹಳದಿ ಪಾಚಿ ಹೊದಿಸಿದ ಅರಿಜೋನಾ. ಅಪಾಚೆಗಳ ಬಗ್ಗೆ ಆ ಕಾಲದ ಬಿಳಿಯರ ತಲೆಯಲ್ಲಿದ್ದ ಹೆದರಿಕೆಗೆ ಹಸಿರು ಬಳಿದು ಎರಡು ಕೈ ಜಾಸ್ತಿ ಅಂಟಿಸಿದ್ದಾನೆ.

ಈಗ ಪ್ರೀತಿಯ ವಿಷಯಕ್ಕೆ ಬರೋಣ. ಈ ಪುಸ್ತಕದಲ್ಲಿ ಒಂದೇ ಒಂದು ಕಡೆ ಪ್ರೀತಿ ನಿಜವಾಗಿ ಪರಗ್ರಹದ್ದಾಗುತ್ತದೆ. ಕಾರ್ಟರ್ ಒಮ್ಮೆ ಸಲಿಗೆಯಿಂದ ಆಕೆಯನ್ನು "ನನ್ನ ರಾಜಕುಮಾರಿ" ಎಂದು ಕರೆದುಬಿಡುತ್ತಾನೆ. ಆಕೆ ಬೆಚ್ಚುತ್ತಾಳೆ, ಆಮೇಲೆ ಮಾತು ಬಿಡುತ್ತಾಳೆ. ಅವನಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಅಲ್ಲಿನ ಕಟ್ಟಳೆ ಬೇರೆ. ಹೆಣ್ಣಿಗಾಗಿ ಕಾದಾಡಿ ಗೆದ್ದವನು ಒಂದೋ ಆಕೆಯ ಕೈ ಕೇಳಬೇಕು, ಇಲ್ಲ ಬಿಟ್ಟುಕೊಡಬೇಕು. ಕೇಳದೆ 'ನನ್ನ' ಎಂದರೆ ಅವಮಾನ. ಇಲ್ಲಿ ನಾನು ಎದ್ದು ಕೂತೆ. ಇದು ನಮಗೆ ಅರ್ಥವಾಗುವ ಸಂಗತಿ ನೋಡಿ. ಕನ್ನಡದಲ್ಲಿ 'ನೀವು' ಎನ್ನುತ್ತಿದ್ದವಳು ಒಂದು ದಿನ ಬಾಯ್ತಪ್ಪಿ 'ನೀನು' ಎಂದರೆ ಅಲ್ಲಿ ಒಂದು ಕಾದಂಬರಿಯೇ ಶುರುವಾಗುತ್ತದೆ. ನಮ್ಮ ಅಮ್ಮ ಅಪ್ಪನನ್ನು ಜೀವಮಾನವಿಡೀ ಕರೆದದ್ದು "ಏನೂಂದ್ರೆ" ಎಂದು. ಆ ಒಂದು ಪದದಲ್ಲಿ ಎಷ್ಟು ಬಗೆಯ ಸಿಟ್ಟು, ಎಷ್ಟು ಬಗೆಯ ಅಕ್ಕರೆ ಇತ್ತು ಅಂತ ನಮಗೆ ಮಕ್ಕಳಿಗೆ ಗೊತ್ತು. ಒಂದು ಸಂಬೋಧನೆಯ ಮೇಲೆ ಪ್ರೇಮಕಥೆ ನಿಲ್ಲಿಸಬಹುದು. ಬರೋಸ್ ಅದನ್ನು ಮುಟ್ಟಿ, ಕೋಪತಾಪದ ಕಾರಣವಾಗಿ ಹಲವು ಅಧ್ಯಾಯ ಎಳೆದು, ಆಮೇಲೆ ಒಂದು ಪ್ಯಾರಾದಲ್ಲಿ ವಿವರಣೆ ಕೊಡಿಸಿ ಕೈತೊಳೆದುಕೊಂಡ.

ಮಾತಿನ ವಿಷಯ ಬಂತು, ಹೇಳಿಬಿಡುತ್ತೇನೆ. ಇಡೀ ಗ್ರಹಕ್ಕೆಲ್ಲ ಒಂದೇ ಭಾಷೆ! ಧಾರವಾಡದವರು ಮಂಗಳೂರಿಗೆ ಹೋಗಿ ಒಂದು ಊಟ ಮುಗಿಸುವಷ್ಟರಲ್ಲಿ ಮೂರು ಸಲ "ಏನಂದ್ರಿ?" ಎನ್ನಬೇಕಾದ ನಾಡಿನವರು ನಾವು. ಇವನು ಒಂದು ವಾರದಲ್ಲಿ ಕಲಿತು ಮುಗಿಸುತ್ತಾನೆ. ಜೊತೆಗೆ ಮನಸ್ಸು ಓದುವ ವಿದ್ಯೆ ಬೇರೆ. ಅವನು ಅಲ್ಲಿನವರ ಮನಸ್ಸು ಓದಬಲ್ಲ, ಅವನ ಮನಸ್ಸನ್ನು ಯಾರೂ ಓದಲಾರರು. ಇಂಥ ವಿದ್ಯೆ ಕೈಯಲ್ಲಿಟ್ಟುಕೊಂಡು ಅವನು ಮಾಡುವ ದೊಡ್ಡ ಕೆಲಸವೆಂದರೆ ಗಾಳಿ ಕಾರ್ಖಾನೆಯ ಮುದುಕನ ತಲೆಯಿಂದ ಬಾಗಿಲು ತೆರೆಯುವ ಗುಟ್ಟು ಎಗರಿಸುವುದು. ಪ್ರೀತಿಸಿದವಳು ಏಕೆ ಮಾತು ಬಿಟ್ಟಳು ಎಂದು ತಿಳಿಯಲು ಅದು ಉಪಯೋಗಕ್ಕೆ ಬರಲಿಲ್ಲ ನೋಡಿ.

ಮೊಟ್ಟೆಗೆ ಮರಳೋಣ.

ನಮ್ಮ ಅಜ್ಜಿ ಕೋಳಿ ಕಾವಿಗೆ ಕೂರಿಸುತ್ತಿದ್ದಳು. ಮಂಕರಿಯಲ್ಲಿ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಹನ್ನೊಂದೋ ಹದಿಮೂರೋ ಮೊಟ್ಟೆ ಜೋಡಿಸಿ, ಸಂಜೆ ಹೊತ್ತು ಕೋಳಿಯನ್ನು ಮೆಲ್ಲಗೆ ಮೇಲಿಡುವುದು. ಅಲ್ಲಿಂದ 21 ದಿನ ಆ ಕೋಳಿ ಬೇರೆಯೇ ಪ್ರಾಣಿ. ಮೈಯ ಗರಿಯೆಲ್ಲ ಉಬ್ಬಿಸಿ ಕೂರುತ್ತದೆ, ಹತ್ತಿರ ಹೋದರೆ ಕುಕ್ಕುತ್ತದೆ, ಮೇವಿಗೆ ದಿನಕ್ಕೊಮ್ಮೆ ಎದ್ದರೆ ಹೆಚ್ಚು. ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಹೊರಳಿಸಿಡುತ್ತದೆ. ಅಜ್ಜಿ ವಾರಕ್ಕೊಮ್ಮೆ ಬುಡ್ಡಿ ದೀಪದ ಮುಂದೆ ಮೊಟ್ಟೆ ಹಿಡಿದು, ಒಳಗೆ ಎಳೆ ಕಟ್ಟಿದೆಯೋ ಪೊಳ್ಳೋ ನೋಡುತ್ತಿದ್ದಳು. ನನಗೂ ತೋರಿಸುತ್ತಿದ್ದಳು. ಕೆಂಪು ಬೆಳಕಿನೊಳಗೆ ಜೇಡನ ಕಾಲಿನಂಥ ಗೆರೆಗಳು. ಇಪ್ಪತ್ತೊಂದು ದಿನಕ್ಕೆ ಇಷ್ಟು ಪಾಡು. ಐದು ವರ್ಷಕ್ಕೆ?

ಡೇಜಾ ಥೋರಿಸ್‌ಗೆ ಕಾವು ಬರುತ್ತದೆಯೇ? ಗರ್ಭ ಹೊತ್ತು ನಡೆಯದ, ಮೊಲೆಯೂಡಿಸುವ ಗೊಡವೆ ಇರಬಹುದೋ ಇಲ್ಲವೋ ತಿಳಿಯದ ಹೆಣ್ಣಿನ ಪ್ರೀತಿ ಹೇಗಿರುತ್ತದೆ? ಮಗು ತನ್ನ ಮೈಯಿಂದ ಹೊರಗೆ, ಚಿಪ್ಪಿನೊಳಗೆ ಐದು ವರ್ಷ ಇರುವಾಗ ಅಪ್ಪನಿಗೂ ಅಮ್ಮನಿಗೂ ಅದು ಒಂದೇ ದೂರದಲ್ಲಿದೆಯಲ್ಲ, ಆಗ ತಾಯಿ ಎಂಬ ಮಾತಿಗೆ ಏನರ್ಥ? ಇವಳು ಮೊಟ್ಟೆ ಇಡುತ್ತಾಳೆ ಎಂದು ಮೊದಲು ಗೊತ್ತಾದ ದಿನ ಕಾರ್ಟರ್‌ನ ಮುಖ ಹೇಗಾಗಿತ್ತು? ಪುಸ್ತಕದಲ್ಲಿ ಒಂದೂ ಇಲ್ಲ. ಹಾಗೆಂದು ಆತನಿಗೆ ಮೊಟ್ಟೆಯ ಬಗ್ಗೆ ಕುತೂಹಲ ಇರಲಿಲ್ಲ ಅನ್ನುವಂತಿಲ್ಲ. ಹಸಿರು ಜನರ ಮೊಟ್ಟೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಒಬ್ಬೊಬ್ಬ ಹೆಂಗಸು ವರ್ಷಕ್ಕೆ ಸುಮಾರು 13 ಮೊಟ್ಟೆ ಇಡುತ್ತಾಳೆ, ಗಾತ್ರ, ತೂಕ, ಸಾಪೇಕ್ಷ ಸಾಂದ್ರತೆ ಎಲ್ಲ ಅಳೆದು ಆರಿಸುತ್ತಾರೆ, ದಪ್ಪ ಗಾಜಿನ ಮಾಡು ಹೊದಿಸಿದ ಕಾವುಗೂಡಿನಲ್ಲಿ ಬಿಸಿಲಿಗೆ ಬಿಡುತ್ತಾರೆ, ಐದು ವರ್ಷಕ್ಕೆ ಬಂದು ಮರಿಗಳನ್ನು ಕೈಗೆ ಸಿಕ್ಕವರು ಸಿಕ್ಕಂತೆ ಎತ್ತಿಕೊಂಡು ಹೋಗುತ್ತಾರೆ. ಯಾರ ಮಗು ಯಾರದೋ. ಸಾಪೇಕ್ಷ ಸಾಂದ್ರತೆ ಎಂಬ ಪದ ಪ್ರೇಮಕಥೆಯೊಂದರಲ್ಲಿ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಷ್ಟು ಗಮನವಿಟ್ಟು ನೋಡಬಲ್ಲ ಕಣ್ಣು ನಾಯಕಿಯ ಕಡೆ ತಿರುಗುವಾಗ ಮಾತ್ರ ಕ್ಯಾಲೆಂಡರ್ ಚಿತ್ರ ಸಾಕು ಅಂದುಕೊಂಡಿತು.

ಬೇಸರ ಇಲ್ಲಿಗೆ ಮುಗಿದಿದ್ದರೆ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನಿರುತ್ತಿದ್ದೆ. ಆದರೆ ಇದೇ ಪುಸ್ತಕದ ನಡುವೆ ಇನ್ನೊಂದು ಮೊಟ್ಟೆ ಇದೆ. ಹದಿನೇಳರಲ್ಲಿ ಅದನ್ನು ಹಾರಿಸಿ ಓದಿದ್ದೆ.

ಸೋಲಾ ಎಂಬ ಹಸಿರು ಹುಡುಗಿ ಕಾರ್ಟರ್‌ನ ಕಾವಲಿಗಿದ್ದಾಳೆ. ಅವಳ ಜನಕ್ಕೆ ಕರುಣೆ ಎಂಬುದೇ ಗೊತ್ತಿಲ್ಲ. ಯಾರಾದರೂ ನರಳುತ್ತಿದ್ದರೆ ನೋಡಿ ನಗುತ್ತಾರೆ, ಅವರಿಗಿರುವ ನಗೆ ಅದೊಂದೇ. ಇವಳೊಬ್ಬಳು ಬೇರೆ ಥರ. ಏಕೆ ಎಂದು ಒಂದು ದಿನ ಅವಳೇ ಹೇಳುತ್ತಾಳೆ. ಅವಳ ತಾಯಿ ಗೊಜಾವಾ ಕುಳ್ಳಿ. ಆಳೆತ್ತರವೇ ಯೋಗ್ಯತೆಯಾದ ಜನರಲ್ಲಿ ಅಂಥವಳಿಗೆ ತಾಯಿಯಾಗಲು ಅಪ್ಪಣೆ ಇಲ್ಲ. ಒಬ್ಬ ತರುಣ ಯೋಧ ಅವಳನ್ನು ಮೆಚ್ಚಿದ. ಪ್ರೀತಿ ಎಂಬುದಕ್ಕೆ ಜಾಗವೇ ಇಲ್ಲದ ಜನದಲ್ಲಿ ಇಬ್ಬರೂ ಅದನ್ನು ತಾವೇ ಕಂಡುಹಿಡಿದುಕೊಂಡರು. ಮೊಟ್ಟೆಯಾಯಿತು. ಥಾರ್ಕ್ ಪಟ್ಟಣದ ಪಾಳುಬಿದ್ದ ಗೋಪುರಗಳಲ್ಲಿ ಯಾರೂ ಹತ್ತದ ತುದಿಯಲ್ಲಿ, ಗಾಜಿನ ಪಾತ್ರೆಯೊಳಗೆ ಅದನ್ನು ಬಚ್ಚಿಟ್ಟಳು. ಐದು ವರ್ಷ. ಅನುಮಾನ ಬಾರದಂತೆ ವರ್ಷಕ್ಕೆ ಒಂದೇ ಸಲ ಹೋಗಿ ನೋಡಿ ಬರುತ್ತಿದ್ದಳು. ಆ ಹೊತ್ತಿಗೆ ಅವನನ್ನು ದೂರದ ದಕ್ಷಿಣದ ದಂಡಯಾತ್ರೆಗೆ ಕಳಿಸಿಬಿಟ್ಟಿದ್ದರು. ಮರಿ ಒಡೆದು ಬಂದ ಮೇಲೆ ರಾತ್ರಿ ಹೊತ್ತು ಗೋಪುರಕ್ಕೆ ಹೋಗಿ ಮಗುವನ್ನು ಅಪ್ಪಿಕೊಂಡಿರುತ್ತಿದ್ದಳು. ಊರಿನ ಕಾವುಗೂಡಿನಿಂದ ಹೊಸ ಮರಿಗಳನ್ನು ತಂದಾಗ ಗುಂಪಿನಲ್ಲಿ ಸೇರಿಸಿಬಿಡುವ ಹಂಚಿಕೆ. ಸಾರ್ಕೋಜಾ ಎಂಬ ಮುದುಕಿ ಕದ್ದು ಕೇಳಿಸಿಕೊಂಡಳು. ಗೊಜಾವಾ ಮಗಳನ್ನು ಹೇಗೋ ಗುಂಪಿಗೆ ತಳ್ಳಿ ಉಳಿಸಿದಳು. ಅವಳನ್ನು ಹಿಂಸಿಸಿ ಕೊಂದರು, ಆದರೂ ಮಗುವಿನ ತಂದೆ ಯಾರೆಂದು ಬಾಯಿ ಬಿಡಲಿಲ್ಲ. ತಂದೆ ಟಾರ್ಸ್ ಟಾರ್ಕಸ್, ಕಾರ್ಟರ್‌ನನ್ನು ಸೆರೆ ಹಿಡಿದ ದಳಪತಿಯೇ. ಮಗಳು ಎದುರಿಗೇ ಓಡಾಡುತ್ತಿದ್ದರೂ ಅವನಿಗೆ ಗೊತ್ತಿಲ್ಲ.

ಇಷ್ಟಕ್ಕೆ ಬರೋಸ್ ತೆಗೆದುಕೊಂಡದ್ದು ಕೆಲವೇ ಪುಟ. ಈ ಪ್ರೀತಿ ಮಂಗಳದ ಮೇಲಲ್ಲದೆ ಬೇರೆಲ್ಲೂ ಆಗುವಂಥದ್ದಲ್ಲ. ಮೊಟ್ಟೆ, ಐದು ವರ್ಷ, ಯಾರ ಮಗು ಯಾರದೋ ಎಂಬ ವ್ಯವಸ್ಥೆ, ಇದರಲ್ಲಿ ಒಂದನ್ನು ತೆಗೆದರೂ ಕಥೆ ಬಿದ್ದುಹೋಗುತ್ತದೆ. ಕಾರ್ಟರ್ ಡೇಜಾ ಥೋರಿಸರ ಕಥೆಯನ್ನಾದರೆ ಎತ್ತಿ ಯಾವ ಕೋಟೆಯಲ್ಲಿಟ್ಟರೂ ನಡೆಯುತ್ತದೆ. ಚಿನ್ನದ ಗೂಡಿನ ಮೊಟ್ಟೆಗೆ ಹತ್ತು ಜನ ಕಾವಲುಗಾರರು, ಗೋಪುರದ ಮೊಟ್ಟೆಗೆ ಯಾರೂ ಇಲ್ಲ. ಆತ ಪುಸ್ತಕಕ್ಕೆ ಹೆಸರಿಟ್ಟದ್ದು ಮೊದಲನೆಯದರ ತಾಯಿಯ ಮೇಲೆ.

ಬೇರೆ ಯಾರಾದರೂ ಇದನ್ನು ಸರಿಯಾಗಿ ಬರೆದಿದ್ದಾರೆಯೇ ಎಂದರೆ, ಅರ್ಸುಲಾ ಲೆ ಗ್ವಿನ್. 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. ಗೆಥೆನ್ ಎಂಬ ಹಿಮದ ಗ್ರಹ, ಅಲ್ಲಿನ ಜನ ತಿಂಗಳಲ್ಲಿ ಹೆಚ್ಚು ದಿನ ಗಂಡೂ ಅಲ್ಲ ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ, ಯಾವುದು ಎಂಬುದು ಪ್ರತಿ ಸಲ ಬೇರೆಯಾಗಬಹುದು. ಭೂಮಿಯ ರಾಯಭಾರಿಯೂ ಆ ಗ್ರಹದ ಎಸ್ಟ್ರಾವೆನ್ ಎಂಬಾತನೂ ನೀರ್ಗಲ್ಲಿನ ಬಯಲಿನಲ್ಲಿ ವಾರಗಟ್ಟಲೆ ಜಾರುಬಂಡಿ ಎಳೆದುಕೊಂಡು ಹೋಗುತ್ತಾರೆ. ಒಂದೇ ಗುಡಾರ. ಪ್ರೀತಿ ಹುಟ್ಟುತ್ತದೆ, ಮುಟ್ಟುವುದಿಲ್ಲ. ಅಲ್ಲೂ ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ವಿದ್ಯೆ ಇದೆ. ರಾಯಭಾರಿ ಅದನ್ನು ಕಲಿಸಿ ಮೊದಲ ಸಲ ಕರೆದಾಗ ಎಸ್ಟ್ರಾವೆನ್‌ಗೆ ಕೇಳುವುದು ಸತ್ತುಹೋದ ತನ್ನ ಅಣ್ಣನ ದನಿ. ಬಾಗಿಲು ತೆರೆಯುವ ಕೀಲಿಕೈ ಎಲ್ಲಿ, ಇದೆಲ್ಲಿ!

ಈಗ ನಾನೂ 'ಎಸ್ಟ್ರಾವೆನ್ ಎಂಬಾತ' ಎಂದೆ ನೋಡಿ. ಲೆ ಗ್ವಿನ್ ಕೂಡ ಎಲ್ಲರನ್ನೂ ಇಂಗ್ಲಿಷಿನ 'ಹಿ' ಎಂದೇ ಬರೆದು, ಆಮೇಲೆ ಅದಕ್ಕೆ ಪರಿತಪಿಸಿದರು. ಕನ್ನಡದಲ್ಲಿ ಬರೆದಿದ್ದರೆ 'ಅವರು' ಎಂದು ಬರೆದು ಕೂತುಬಿಡಬಹುದಿತ್ತು. ಬಂದರು, ಹೋದರು, ಅತ್ತರು. ಯಾರಿಗೂ ಗಂಡು ಹೆಣ್ಣು ತಿಳಿಯುವುದಿಲ್ಲ. ಆದರೆ ಪ್ರೀತಿ ಹುಟ್ಟಿದ ರಾತ್ರಿ ಗುಡಾರದೊಳಗೂ 'ಅವರು' ಎಂದರೆ ಪಕ್ಕದ ಮನೆಯ ಹೆಡ್‌ಮಾಸ್ತರರ ಬಗ್ಗೆ ಹೇಳಿದಂತಾಗುತ್ತದೆ. ಯಾರಾದರೂ ಅನುವಾದಕ್ಕೆ ಕೈ ಹಾಕುವವರಿದ್ದರೆ ಈ ಗುಡಾರದ ಪುಟದಿಂದಲೇ ಶುರುಮಾಡಿ ಎನ್ನುತ್ತೇನೆ. ಅದು ದಾಟಿದರೆ ಉಳಿದದ್ದು ದಾಟುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿಂದೆ ಕೂತಿದ್ದ ಯುವಕರೊಬ್ಬರು ಎದ್ದು, ಬಿಡಿಕಾಸಿನ ಪತ್ರಿಕೆಯಲ್ಲಿ ಬಂದ ಧಾರಾವಾಹಿ ಸಾರ್, ಅದರಿಂದ ಇಷ್ಟೆಲ್ಲ ಕೇಳುವುದು ನ್ಯಾಯವೇ, ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಇದನ್ನು ಓದಿಯೇ ಅಲ್ಲವೇ ಮಂಗಳದ ಹುಚ್ಚು ಹತ್ತಿಸಿಕೊಂಡದ್ದು ಎಂದರು. ನಿಜ. ಹುಡುಗನಾಗಿದ್ದಾಗ ಬಯಲಲ್ಲಿ ನಿಂತು ಮಂಗಳದತ್ತ ಕೈ ಚಾಚಿ ಕರೆದುಕೋ ಎಂದು ಬೇಡಿದ್ದನ್ನು ಸೇಗನ್ ಅವರೇ ಬರೆದಿದ್ದಾರೆ. ನಾನೂ ನಮ್ಮ ಮನೆ ತಾರಸಿಯ ಮೇಲೆ ಅದನ್ನೇ ಮಾಡಿದವನು. ಏನೂ ಆಗಲಿಲ್ಲ, ಕೆಳಗಿನಿಂದ ಅಮ್ಮ ಹಪ್ಪಳ ಎತ್ತಿಕೊಂಡು ಬಾರೋ ಎಂದಳು. ಕೈಲಾಗದವನನ್ನು ಯಾರೂ ಕೇಳುವುದಿಲ್ಲ, ಗೋಪುರದ ಆ ಪುಟಗಳನ್ನು ಬರೆದವನು ಬರೆಯಬಲ್ಲವನು, ಅದಕ್ಕೇ ಜಗಳ ಎಂದೆ. ಇನ್ನೊಬ್ಬರು 2012ರ ಸಿನಿಮಾ ನೋಡಿದ್ದೀರಾ ಎಂದರು. ನೋಡಿದ್ದೇನೆ. ಹೆಸರಿನಲ್ಲಿ ಮಂಗಳವನ್ನೇ ಕಿತ್ತುಹಾಕಿ ಬರೀ 'ಜಾನ್ ಕಾರ್ಟರ್' ಎಂದು ಬಿಟ್ಟಿದ್ದರು. ಡಿಸ್ನಿಯವರಿಗೆ ಅದರಿಂದ ಆದ ನಷ್ಟ ಸುಮಾರು 20 ಕೋಟಿ ಡಾಲರ್. ಅಷ್ಟು ಸಾಕು.

ಕೊನೆಗೆ ಕಿಟಕಿ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ಮೊಮ್ಮಗಳ ಜೊತೆ ಬಂದವರು. ಇಡೀ ಹೊತ್ತು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

"ಆ ಗೋಪುರ ಹತ್ತಿ ಹೋಗ್ತಿದ್ದಳಲ್ಲ ಆ ತಾಯಿ, ವರ್ಷಕ್ಕೊಂದು ಸಲ. ಹೋಗಿ ಏನು ಮಾಡ್ತಿದ್ದಳು?"

"ಅದನ್ನು ಬರೆದಿಲ್ಲ ಅಜ್ಜಿ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗು ಸರಿಮಾಡಿಕೊಂಡು ಹೇಳಿದರು: "ಹೊರಳಿಸಿಟ್ಟು ಬಂದಿರ್ತಾಳೆ."